ಹಳತಾಯಿತೆಂದು ಹೇಳುವವರು ಯಾರು?

ಒಂದು ವಸ್ತುವನ್ನು ಕೊಳ್ಳುವಾಗ ನಾವು ಹತ್ತು ಸಲ ಯೋಚಿಸುತ್ತೇವೆ. ಬಿಡುವಾಗ ಒಂದು ಸಲವೂ ಯೋಚಿಸುವುದಿಲ್ಲ. ಮಿಕ್ಸರ್ ಕೊಳ್ಳಬೇಕಾದರೆ ನಾಲ್ಕು ಅಂಗಡಿ ಸುತ್ತಿ, ಕಚೇರಿಯಲ್ಲಿ ಇಬ್ಬರನ್ನು ವಿಚಾರಿಸಿ, ಹಬ್ಬದ ರಿಯಾಯಿತಿ ಬರಲೆಂದು ಎರಡು ತಿಂಗಳು ಕಾಯುವ ನಾವು, ಹಳೆಯ ಮಿಕ್ಸರನ್ನು ಹೊರಗೆ ಹಾಕಲು ‘ಹಳೇದಾಯ್ತು’ ಎಂದರೆ ಸಾಕು, ಮುಂದೆ ವಾದವೇ ಇಲ್ಲ. ಇಷ್ಟು ಚಿಕ್ಕ ಮಾತಿಗೆ ಅಷ್ಟೊಂದು ಅಧಿಕಾರ ಎಲ್ಲಿಂದ ಬಂತು, ಆ ಮಾತನ್ನು ಆಡುವ ಹಕ್ಕು ಮನೆಯಲ್ಲಿ ಯಾರಿಗಿದೆ ಎಂಬುದು ನನ್ನನ್ನು ಕೆಲವು ವರ್ಷಗಳಿಂದ ಕಾಡುತ್ತಿರುವ ಪ್ರಶ್ನೆ. ಡಿವಿಡಿ ಪ್ಲೇಯರ್ ಇದ್ದ ಮನೆಗೆ ಬ್ಲೂ-ರೇ ಪ್ಲೇಯರ್ ಬಂದ ಒಂದು ಸಾಧಾರಣ ಸಂಗತಿಯನ್ನು ಮುಂದಿಟ್ಟುಕೊಂಡು ಅದನ್ನು ಬಿಡಿಸಿ ನೋಡಬೇಕೆಂದಿದ್ದೇನೆ. ವಿಷಯ ಕ್ಷುಲ್ಲಕವೆಂದು ಓದುಗರು ಪುಟ ತಿರುವಬಾರದಾಗಿ ವಿನಂತಿ.

ನಾನು ಕೇಂದ್ರ ಸರ್ಕಾರದ ಒಬ್ಬ ಗುಮಾಸ್ತ. ಕೆಲವು ವರ್ಷ ಸ್ಟೋರ್ಸ್ ವಿಭಾಗದಲ್ಲಿದ್ದೆ. ಮುರಿದ ಕುರ್ಚಿ, ನಿಂತ ಫ್ಯಾನು, ಹಳೆಯ ಟೈಪ್‌ರೈಟರು ಇವುಗಳನ್ನು ‘ಕಂಡೆಮ್’ ಮಾಡುವ ಕಡತಗಳೆಲ್ಲ ನನ್ನ ಮೇಜಿನ ಮೇಲೆಯೇ ಹಾದುಹೋಗುತ್ತಿದ್ದವು. ಸರ್ಕಾರದ ಹಣಕಾಸು ನಿಯಮಾವಳಿ, ಅಂದರೆ ನಾವು ಜಿ.ಎಫ್.ಆರ್. ಎನ್ನುವ ಗ್ರಂಥದಲ್ಲಿ ಇದಕ್ಕೊಂದು ನಿಯಮವಿದೆ. 2017ರ ಆವೃತ್ತಿಯಲ್ಲಿ ಅದು 217ನೆಯದು. ಒಂದು ವಸ್ತು ಇಲಾಖೆಗೆ ಬೇಡವಾದರೆ ಅದನ್ನು ಮೂರರಲ್ಲಿ ಒಂದು ಹೆಸರಿನಿಂದ ಕರೆಯಬಹುದು: ಸರ್‌ಪ್ಲಸ್, ಆಬ್ಸೊಲೀಟ್, ಅನ್‌ಸರ್ವಿಸಬಲ್. ಅಗತ್ಯಕ್ಕಿಂತ ಹೆಚ್ಚಾದದ್ದು, ಕಾಲ ಮೀರಿದ್ದು, ಕೆಲಸಕ್ಕೆ ಬಾರದ್ದು. ಹೊಸಬರಾಗಿ ಬಂದ ಗುಮಾಸ್ತರು ಈ ಮೂರೂ ಒಂದೇ ಎಂದುಕೊಳ್ಳುತ್ತಾರೆ. ಖಂಡಿತ ಅಲ್ಲ. ಕಾಲ ಮೀರಿದ ಯಂತ್ರ ಚೆನ್ನಾಗಿಯೇ ಓಡುತ್ತಿರಬಹುದು. ನಿನ್ನೆ ತಂದ ಯಂತ್ರ ಇಂದು ಕೆಲಸಕ್ಕೆ ಬಾರದೆ ಹೋಗಬಹುದು. ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ. ಹೀಗೆ ಹೆಸರಿಡಲು ಕಾರಣವನ್ನು ಬರೆದಿಡಬೇಕು. ಬರೆಯಬೇಕಾದವನು ಆ ವಸ್ತುವನ್ನು ಕೊಳ್ಳಲು ಯಾರಿಗೆ ಅಧಿಕಾರವಿದೆಯೋ ಅವನೇ. ಕೊಳ್ಳುವ ಕೈಯೇ ಬಿಡುವುದಕ್ಕೂ ಉತ್ತರ ಹೇಳಬೇಕೆಂಬ ಈ ಮಾತನ್ನು ಬರೆದ ಅಧಿಕಾರಿ ಯಾರೋ ತಿಳಿಯದು. ಆತ ಯಾವ ಧರ್ಮಶಾಸ್ತ್ರಕಾರನಿಗೂ ಕಡಿಮೆಯಲ್ಲವೆಂದು ನನ್ನ ಅಭಿಪ್ರಾಯ. ಮನೆಗಳಲ್ಲಿ ಮಾತ್ರ ಇಂಥ ಕಡತ ಇಲ್ಲ.

ಇನ್ನು ವಿಷಯಕ್ಕೆ ಬರೋಣ. ಆರನೆಯ ವೇತನ ಆಯೋಗದ ಬಾಕಿ ಹಣ ನಮಗೆ ಎರಡು ಕಂತಿನಲ್ಲಿ ಬಂತು. 2008ರ ಮೊದಲ ಕಂತಿನಲ್ಲಿ ಕೋಠಿಯ ಗುಜರಾತಿ ಗಲ್ಲಿಯಿಂದ ಒಂದು ಡಿವಿಡಿ ಪ್ಲೇಯರ್ ತಂದೆವು. ಅದಕ್ಕೂ ಮೊದಲು ವಿಸಿಡಿಯ ಕಾಲ. ಒಂದು ಸಿನಿಮಾಕ್ಕೆ ಎರಡೋ ಮೂರೋ ಡಿಸ್ಕ್, ಕಣ್ಣೀರು ತುಂಬಿ ಬರುವ ಹೊತ್ತಿಗೆ ಸರಿಯಾಗಿ ಎದ್ದು ಹೋಗಿ ಡಿಸ್ಕ್ ಬದಲಿಸಬೇಕಾಗಿತ್ತು. 2007ರಲ್ಲಿ ಮೋಸರ್ ಬೇರ್ ಕಂಪನಿಯವರು ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರಲು ಹೊರಟ ಮೇಲೆ ಸಿನಿಮಾ ಡಿಸ್ಕ್ ಎಂಬುದು ತರಕಾರಿಯ ಬೆಲೆಗೆ ಇಳಿಯಿತು. ಊರಿಗೆ ಹೋದಾಗಲೆಲ್ಲ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ರೈಲು ಹೊರಡುವ ಮುನ್ನ ಹತ್ತು ಹದಿನೈದು ಕನ್ನಡ ಡಿಸ್ಕ್ ಕೊಳ್ಳುವುದು ನಮ್ಮಂಥವರ ವಾಡಿಕೆಯಾಯಿತು.

ಹೈದರಾಬಾದಿನಲ್ಲಿ ಕನ್ನಡ ಚಿತ್ರ ಥಿಯೇಟರಿಗೆ ಬರುವುದು ಅಪರೂಪ. ಆದ್ದರಿಂದ ಆ ಡಿಸ್ಕ್‌ಗಳಿಗೆ ಇಲ್ಲಿ ಬೇರೆಯೇ ಒಂದು ಜೀವನವಿತ್ತು. ನಮ್ಮ ಮನೆಯವರು ಒಂದು ನೋಟ್‌ಬುಕ್ಕು ಇಟ್ಟಿದ್ದರು: ಯಾವ ಡಿಸ್ಕ್, ಯಾರ ಮನೆಗೆ, ಎಂದು ಹೋಯಿತು, ಎಂದು ಬಂತು. ‘ಬಂಗಾರದ ಮನುಷ್ಯ’ ಕಾಚಿಗುಡದಿಂದ ಮಲಕಪೇಟೆಗೆ, ಅಲ್ಲಿಂದ ದಿಲ್‌ಸುಖ್‌ನಗರಕ್ಕೆ, ಕೊನೆಗೆ ಕೂಕಟ್‌ಪಲ್ಲಿಗೆ ಹೋಗಿ ಏಳು ತಿಂಗಳ ಮೇಲೆ ಮನೆಗೆ ಬಂದದ್ದುಂಟು. ಬರುವಾಗ ಜೊತೆಯಲ್ಲಿ ಒಂದು ಡಬ್ಬಿ ಚಕ್ಕುಲಿಯೂ ಬಂತು. ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದು, ಆದ್ದರಿಂದ ಅದರಲ್ಲಿ ಕೋಡುಬಳೆ ಹೋಯಿತು. ಸಂಘದ ವಾರ್ಷಿಕೋತ್ಸವದಲ್ಲಿ ದೂರದಿಂದ ಕೈಮುಗಿದು ಹೋಗುತ್ತಿದ್ದ ಎಷ್ಟೋ ಸಂಸಾರಗಳು ಹೀಗೆಯೇ ನಮಗೆ ಹತ್ತಿರವಾದದ್ದು.

2013ರಲ್ಲಿ ಬ್ಲೂ-ರೇ ಬಂತು. ಆಗ ನನ್ನ ಮಗನಿಗೆ ಹತ್ತು ವರ್ಷ. ಅವನ ಸ್ನೇಹಿತನ ಮನೆಯಲ್ಲಿ ಸಮುದ್ರದೊಳಗಿನ ಮೀನುಗಳ ಚಿತ್ರವನ್ನು ನೋಡಿ ಬಂದವನು ನಮ್ಮ ಟಿವಿಯಲ್ಲಿ ಮೀನಿನ ಮೈಮೇಲೆ ಹೊರೆಯೇ ಕಾಣುವುದಿಲ್ಲವೆಂದು ದೂರತೊಡಗಿದ. ದೂರು ಸುಳ್ಳಲ್ಲ. ಬಿ.ಎಸ್ಸಿ.ಯಲ್ಲಿ ಓದಿದ ಭೌತಶಾಸ್ತ್ರ ಗುಮಾಸ್ತಗಿರಿಯಲ್ಲಿ ಪ್ರಯೋಜನಕ್ಕೆ ಬಂದದ್ದು ಕಡಿಮೆ, ಇಲ್ಲಾದರೂ ಬರಲಿ. ಡಿಸ್ಕಿನ ಮೇಲೆ ಅತಿ ಸಣ್ಣ ಕುಳಿಗಳ ಸಾಲು ಸುರುಳಿಯಾಗಿ ಸುತ್ತಿರುತ್ತದೆ. ಲೇಸರ್ ಕಿರಣ ಅದನ್ನು ಓದುತ್ತದೆ. ಬೆಳಕಿನ ಅಲೆ ಎಷ್ಟು ಗಿಡ್ಡವೋ ಅಷ್ಟು ಸಣ್ಣ ಅಕ್ಷರವನ್ನು ಅದು ಓದಬಲ್ಲದು. ಡಿವಿಡಿಯದು 650 ನ್ಯಾನೊಮೀಟರಿನ ಕೆಂಪು ಬೆಳಕು. ಬ್ಲೂ-ರೇಯದು 405 ನ್ಯಾನೊಮೀಟರಿನ ನೇರಳೆಗೆ ಹತ್ತಿರದ ನೀಲಿ. ಸುರುಳಿಯ ಒಂದು ಸಾಲಿಗೂ ಮುಂದಿನದಕ್ಕೂ ಡಿವಿಡಿಯಲ್ಲಿ 0.74 ಮೈಕ್ರಾನ್ ಅಂತರ, ಬ್ಲೂ-ರೇಯಲ್ಲಿ 0.32. ಹೀಗಾಗಿ ಅದೇ ಅಳತೆಯ ಡಿಸ್ಕಿನ ಒಂದು ಪದರದಲ್ಲಿ 4.7 ಗಿಗಾಬೈಟ್ ಹಿಡಿಯುತ್ತಿದ್ದ ಕಡೆ 25 ಹಿಡಿಯುವಂತಾಯಿತು. ನಮ್ಮ ದೇಶದ ಡಿವಿಡಿ ಚಿತ್ರದಲ್ಲಿ ಅಡ್ಡಕ್ಕೆ 720, ಮೇಲಿನಿಂದ ಕೆಳಕ್ಕೆ 576 ಚುಕ್ಕೆಗಳು. ಬ್ಲೂ-ರೇಯಲ್ಲಿ 1920 ಮತ್ತು 1080. ಗುಣಿಸಿ ನೋಡಿ, ಸರಿಯಾಗಿ ಐದು ಪಟ್ಟು! ನೀಲಿ ಬೆಳಕನ್ನು ಇಷ್ಟು ಸಣ್ಣ ಚೂರಿನಿಂದ ಹೊರಡಿಸುವುದು ಬಹಳ ಕಾಲ ಯಾರಿಗೂ ಆಗದ ಕೆಲಸವಾಗಿತ್ತು. ನೀಲಿ ಎಲ್‌ಇಡಿ ದೀಪವನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಂತು. ಇಂಥ ಸಾಧನೆಯ ಫಲ ನಮ್ಮ ಮನೆಯ ಹಾಲ್‌ಗೂ ಬರಲೆಂದು ಆಸೆಪಡುವುದು ಪಾಪವೆಂದು ನಾನು ಒಪ್ಪಲಾರೆ. ಎಲ್ಲ ಆಸೆಯನ್ನೂ ಯಯಾತಿಯ ಕಥೆ ಹೇಳಿ ಬಾಯಿ ಮುಚ್ಚಿಸುವವರಿದ್ದಾರೆ. ಮೀನಿನ ಹೊರೆ ನೋಡಬೇಕೆಂದು ಕೇಳುವ ಹುಡುಗ ಯಯಾತಿಯಲ್ಲ.

ಆದರೆ ಹಳೆಯ ಡಬ್ಬದಂಥ ಟಿವಿಯಲ್ಲಿ ಹಳದಿ, ಕೆಂಪು, ಬಿಳಿಯ ಮೂರು ತೂತುಗಳೇ ಹೊರತು ಬ್ಲೂ-ರೇಗೆ ಬೇಕಾದ ಹೊಸ ತಂತಿಗೆ ಜಾಗವಿರಲಿಲ್ಲ. ಕೌಪೀನ ಕಾಯಲು ಬೆಕ್ಕು, ಬೆಕ್ಕಿನ ಹಾಲಿಗೆ ಹಸು ಕಟ್ಟಿದ ಸನ್ಯಾಸಿಯಂತೆ, ಪ್ಲೇಯರಿಗಾಗಿ 40 ಅಂಗುಲದ ಟಿವಿ, ಟಿವಿಗಾಗಿ ಹೊಸ ಸ್ಟ್ಯಾಂಡು. ಆ ವರ್ಷದ ನಮ್ಮ ದಸರಾ ಬೋನಸ್ಸು 3,454 ರೂಪಾಯಿ, ಉಳಿದದ್ದಕ್ಕೆ ಕಂತು.

ಇಲ್ಲಿಯವರೆಗೆ ಇದು ನನ್ನ ಜೇಬಿನ ಪ್ರಶ್ನೆ. ಧರ್ಮದ ಪ್ರಶ್ನೆ ಎದ್ದದ್ದು ಅವ್ವನಿಂದ.

ನಮ್ಮದು ರಾಯಚೂರು ಕಡೆ. ನಮ್ಮ ತಂದೆಯವರು ತತ್ವಪದ ಹಾಡುತ್ತಿದ್ದರು. ಕಡಕೋಳ ಮಡಿವಾಳಪ್ಪನವರ ಪದಗಳೆಂದರೆ ಅವರಿಗೆ ಪ್ರಾಣ. 2010ರಲ್ಲಿ ನನ್ನ ಮಗಳ ತೊಟ್ಟಿಲ ಕಾರ್ಯಕ್ಕೆ ಇಲ್ಲಿಗೆ ಬಂದಾಗ ಅವರು ಏಕತಾರಿ ಹಿಡಿದು ಹಾಡಿದ್ದನ್ನು ಫೋಟೋದವನು ತೆಗೆದು ಡಿವಿಡಿ ಮಾಡಿ ಕೊಟ್ಟಿದ್ದ. 2012ರಲ್ಲಿ ಅವರು ತೀರಿಕೊಂಡರು. ಅವ್ವ ನಮ್ಮ ಬಳಿಗೆ ಬಂದ ಮೇಲೆ ಸೋಮವಾರ ಸಂಜೆ ಆ ಡಿಸ್ಕ್ ನೋಡುವುದು ಒಂದು ವ್ರತದಂತೆ ನಡೆಯುತ್ತಿತ್ತು. ಹೊಸ ಟಿವಿಯಲ್ಲಿ ಅದನ್ನು ಹಾಕಿದ ದಿನ ಅವ್ವ ಐದು ನಿಮಿಷ ನೋಡಿ ಹೀಗೆಂದರು: “ಯಪ್ಪಾ, ಇದ್ರಾಗ ನಿಮ್ಮಪ್ಪಾರು ದೂರ ಹೋದಂಗ ಕಾಣ್ತಾರ. ಆ ಹಳೇ ಟೀವ್ಯಾಗ ಹಚ್ಚು.”

ಇದು ಮುದುಕಿಯ ಹಟವಲ್ಲ, ಇದಕ್ಕೂ ಕಾರಣವಿದೆ. 576 ಸಾಲಿನ ಚಿತ್ರವನ್ನು 1080 ಸಾಲಿಗೆ ಎಳೆದು ಹಿಗ್ಗಿಸಿದಾಗ ನಡುವಿನ ಸಾಲುಗಳನ್ನು ಯಂತ್ರ ಊಹೆಯಿಂದ ತುಂಬುತ್ತದೆ. ಮೊದಲೇ ಮಂದ ಬೆಳಕಿನಲ್ಲಿ ತೆಗೆದ ಚಿತ್ರವಾದರೆ ಮುಖ ಚೌಕ ಚೌಕವಾಗಿ ಒಡೆಯುತ್ತದೆ. 21 ಅಂಗುಲದ ಹಳೆಯ ಗಾಜಿನ ಪರದೆಯಲ್ಲಿ ಆ ಒಡಕೆಲ್ಲ ಮೆತ್ತಗೆ ಬೆರೆತು ಮುಖ ಮುಖವಾಗಿ ಕಾಣುತ್ತಿತ್ತು. ಮೀನಿಗೆ ಹೊರೆ ಕೊಟ್ಟ ಯಂತ್ರವೇ ನಮ್ಮಪ್ಪನ ಮುಖವನ್ನು ಒಡೆಯಿತು ಎಂದರೆ ತಪ್ಪಾಗದು.

ಹಾಗಾದರೆ ಹಳೆಯ ಟಿವಿಯನ್ನೂ ಪ್ಲೇಯರನ್ನೂ ಏನೆಂದು ಕರೆಯೋಣ? ಕೆಲಸಕ್ಕೆ ಬಾರದ್ದೇ? ಚೆನ್ನಾಗಿ ನಡೆಯುತ್ತಿದ್ದವು. ಹೆಚ್ಚಾದದ್ದೇ? ಅವ್ವನಿಗೆ ಬೇರೆ ಇಲ್ಲ. ಉಳಿದದ್ದು ‘ಕಾಲ ಮೀರಿದ್ದು’ ಎಂಬ ಹೆಸರು. ಯಾರ ಕಾಲ? ಹತ್ತು ವರ್ಷದ ಹುಡುಗನ ಕಾಲ ಮುಂದೆ ಹೋಗಿತ್ತು, ಸರಿ. ಎಪ್ಪತ್ತು ದಾಟಿದ ಅವ್ವನ ಕಾಲ ಆ ಸೋಮವಾರಗಳಲ್ಲಿ ನಿಂತಿತ್ತು. ಒಂದೇ ಸೂರಿನ ಕೆಳಗೆ ಒಂದೇ ವಸ್ತು ಒಬ್ಬರಿಗೆ ಕಾಲ ಮೀರಿದ್ದೂ ಇನ್ನೊಬ್ಬರಿಗೆ ಏಕಮಾತ್ರ ಆಧಾರವೂ ಆಗಿರುವಾಗ, ಸಂಬಳ ತರುವವನು ಎಂಬ ಒಂದೇ ಬಲದಿಂದ ನಾನು ಕಡತಕ್ಕೆ ಸಹಿ ಹಾಕಿಬಿಡಬಹುದೆ? ಜಿ.ಎಫ್.ಆರ್. ನನಗೆ ಹೇಳಿದ್ದು ಸಹಿ ಹಾಕು ಎಂದಲ್ಲ, ಕಾರಣ ಬರೆ ಎಂದು. ಅದನ್ನು ಬರೆಯಲು ಕುಳಿತರೆ ಆ ವಸ್ತುವನ್ನು ಬಳಸುತ್ತಿರುವವರನ್ನು ಕೇಳದೆ ಒಂದು ಸಾಲೂ ಮುಂದೆ ಹೋಗದು.

ಅವ್ವನ ಮಾತು ಬರುವ ಮೊದಲೇ ಮಗ ಒಂದು ಸುಲಭ ದಾರಿ ಹೇಳಿದ್ದ: “ವಾಚ್‌ಮನ್ ಅಂಕಲ್‌ಗೆ ಕೊಟ್ಟುಬಿಡೋಣ.” ನಾವೆಲ್ಲರೂ ಹಿಡಿಯುವ ದಾರಿಯೇ ಅದು. ಹಳೆಯದನ್ನು ಕೊಟ್ಟರೆ ಜಾಗವೂ ತೆರವು, ಪುಣ್ಯವೂ ಜಮಾ. ನನಗೆ ಕಠೋಪನಿಷತ್ತಿನ ವಾಜಶ್ರವಸ ನೆನಪಾದ. ಯಾಗ ಮಾಡಿ ಸರ್ವಸ್ವವನ್ನೂ ದಾನ ಕೊಡುತ್ತೇನೆಂದು ಹೊರಟವನು ಕೊಟ್ಟದ್ದು ಮುದಿ ಹಸುಗಳನ್ನು. ಹುಲ್ಲು ತಿನ್ನುವುದೂ ನೀರು ಕುಡಿಯುವುದೂ ಮುಗಿದ, ಮತ್ತೆ ಹಾಲು ಕೊಡದ ಹಸುಗಳು. ನಚಿಕೇತನಿಗೆ ಇದನ್ನು ನೋಡಲಾಗಲಿಲ್ಲ. ಅವನು ಯಮನ ಮನೆಗೆ ಹೋಗಿ ಕೇಳಿದ ಪ್ರಶ್ನೆಗಳನ್ನು ಎಲ್ಲರೂ ವ್ಯಾಖ್ಯಾನಿಸುತ್ತಾರೆ; ಅಪ್ಪನ ಕೊಟ್ಟಿಗೆಯ ಮುಂದೆ ನಿಂತು ಎತ್ತಿದ ಮೊದಲ ಆಕ್ಷೇಪಣೆಯನ್ನು ಉಪನ್ಯಾಸಕರು ಬೇಗ ದಾಟಿಬಿಡುತ್ತಾರೆ. ನನಗಂತೂ ಅದೇ ಹೆಚ್ಚು ಕಷ್ಟದ ಭಾಗ. ನಮ್ಮ ಮನೆಯವರು ಮಗನ ಮಾತಿಗೆ, “ಅವರಿಗೆ ಬೇಕೋ ಬೇಡವೋ ಕೇಳೋದು ಬೇಡವೆ?” ಎಂದರು. ಕೇಳಿದೆವು. ಮೆಟ್ಟಿಲ ಕೆಳಗಿನ ಒಂದೇ ಕೋಣೆಯಲ್ಲಿ ನಾಲ್ಕು ಜನ ಮಲಗುವ ಆ ಮನುಷ್ಯ ಬಹಳ ಸಂಕೋಚದಿಂದ, ಇಷ್ಟು ದೊಡ್ಡ ಡಬ್ಬ ಇಡಲು ಜಾಗವಿಲ್ಲವೆಂದೂ ತಮಗೆ ಬೇಕಾದ ಸಿನಿಮಾವೆಲ್ಲ ಫೋನಿನ ಕಾರ್ಡಿನಲ್ಲೇ ಇದೆಯೆಂದೂ ಹೇಳಿದ. ಬಡವನೆಂದ ಮಾತ್ರಕ್ಕೆ ನಾವು ಬಿಟ್ಟದ್ದೆಲ್ಲ ಅವನಿಗೆ ಬೇಕಾಗಿರುತ್ತದೆ ಎಂಬ ಲೆಕ್ಕ ಎಷ್ಟು ಮನೆಗಳಲ್ಲಿ ಹೀಗೆ ಕೇಳದೆಯೇ ನಡೆಯುತ್ತಿದೆಯೋ! ಅನೇಕರು ಸಂಕೋಚಕ್ಕೆ ಬಿದ್ದು ತೆಗೆದುಕೊಂಡು, ಮಾರನೆಯ ದಿನ ಗುಜರಿಗೆ ಹಾಕುತ್ತಾರೆ.

ಟಿವಿಯೂ ಡಿವಿಡಿ ಪ್ಲೇಯರೂ ಅವ್ವನ ಕೋಣೆಗೆ ಹೋದವು.

ಇನ್ನು ನೋಟ್‌ಬುಕ್ಕಿನ ವಿಷಯ. ಬ್ಲೂ-ರೇ ಬಂದ ಮೇಲೆ ನಾವು ಕೊಂಡ ಡಿಸ್ಕ್‌ಗಳು ಏಳೋ ಎಂಟೋ, ಎಲ್ಲವೂ ಇಂಗ್ಲಿಷಿನವು. ನಾನು ವಿಚಾರಿಸಿದ ಅಂಗಡಿಗಳಲ್ಲಿ ಕನ್ನಡದ ಬ್ಲೂ-ರೇ ಸಿಗಲಿಲ್ಲ. ಸಿಕ್ಕಿದ್ದರೂ ಏನಾಗುತ್ತಿತ್ತು? ನಮ್ಮ ಪರಿಚಯದ ಕನ್ನಡ ಮನೆಗಳಲ್ಲಿ ಡಿವಿಡಿ ಪ್ಲೇಯರ್ ಇಲ್ಲದ ಮನೆಯಿರಲಿಲ್ಲ. ಬ್ಲೂ-ರೇ ಇದ್ದದ್ದು ನಮ್ಮಲ್ಲೊಂದೇ. ಆ ಡಿಸ್ಕನ್ನು ಯಾರಿಗೂ ಎರವಲು ಕೊಡುವಂತಿಲ್ಲ. ಐದು ಪಟ್ಟು ಚುಕ್ಕೆಗಳಿದ್ದ ವಸ್ತು ಒಂದು ಮನೆಯ ಹೊಸಿಲು ದಾಟಲಾರದೆ ಕುಳಿತಿತು. ಒಳ್ಳೆಯದು ಎಂಬುದನ್ನು ಅಳೆಯುವಾಗ ಅದು ಎಷ್ಟು ಸ್ಪಷ್ಟ, ಎಷ್ಟು ವೇಗ ಎಂದು ಕಂಪನಿಯವರು ಪಟ್ಟಿ ಕೊಡುತ್ತಾರೆ. ಎಷ್ಟು ಜನರ ಜೊತೆ ಹಂಚಿಕೊಳ್ಳಬಹುದು ಎಂಬ ಕಲಂ ಆ ಪಟ್ಟಿಯಲ್ಲಿ ಇರುವುದಿಲ್ಲ. ನಮ್ಮ ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದಳು. ಮನೆಯಲ್ಲೊಬ್ಬ ಆಡಿಟರ್ ಇರಬೇಕಾದ್ದು ಹೀಗೆ! ನಾನು ಇದರಿಂದ ಬ್ಲೂ-ರೇ ಕೊಳ್ಳಬಾರದೆಂದು ಸಾಧಿಸಲು ಹೊರಟಿಲ್ಲ. ಹೆಚ್ಚು ಬಂದಾಗ ಅದು ಯಾರ ಪಾಲನ್ನು ತಟ್ಟುತ್ತದೆ ಎಂದು ಕೇಳುವವರು ಒಬ್ಬರಾದರೂ ಇರಲಿ ಎಂಬಷ್ಟೇ ಮಾತು.

ಬ್ಲೂ-ರೇಯ ಪರವಾಗಿ ಹೇಳಲೇಬೇಕಾದ ಸಂಗತಿಯೊಂದಿದೆ. ಅದು ಹಳೆಯ ಡಿವಿಡಿಯನ್ನೂ ಓದುತ್ತದೆ. ಇದು ತಾನಾಗಿ ಆದದ್ದಲ್ಲ. ಡಿವಿಡಿಯ ಅಕ್ಷರಗಳು ಡಿಸ್ಕಿನ ಮೇಲ್ಮೈಯಿಂದ 0.6 ಮಿಲಿಮೀಟರ್ ಆಳದಲ್ಲಿವೆ, ಬ್ಲೂ-ರೇಯವು 0.1 ಮಿಲಿಮೀಟರಿನಲ್ಲಿ, ನೀಲಿ ಕಿರಣವೊಂದೇ ಇದ್ದರೆ ಹಳೆಯದು ಅದಕ್ಕೆ ಓದಲು ಬಾರದ ಲಿಪಿ. ಆದ್ದರಿಂದ ಅದೇ ಪೆಟ್ಟಿಗೆಯಲ್ಲಿ ಕೆಂಪು ಲೇಸರನ್ನೂ ಇಟ್ಟರು. ಹಣ ಹೆಚ್ಚಾದರೂ ಚಿಂತೆಯಿಲ್ಲ, ಜನರ ಮನೆಯಲ್ಲಿರುವ ಹಳೆಯ ಡಿಸ್ಕ್‌ಗಳು ಒಂದೇ ದಿನದಲ್ಲಿ ಮೂಕವಾಗಬಾರದೆಂದು ಯಾರೋ ತೀರ್ಮಾನಿಸಿದರು. ವ್ಯಾಪಾರದ ಬುದ್ಧಿಯೇ ಇರಲಿ, ತೀರ್ಮಾನ ಒಳ್ಳೆಯದು. ತೆಲುಗು, ಉರ್ದು, ಇಂಗ್ಲಿಷುಗಳಲ್ಲಿ ದಿನ ಕಳೆದು ಮನೆಗೆ ಬಂದು ಕನ್ನಡ ಪತ್ರಿಕೆ ಬಿಚ್ಚುವ ನಮ್ಮಂಥವರಿಗೆ ಈ ಎರಡು ಕಣ್ಣಿನ ಯಂತ್ರದ ಮೇಲೆ ಪ್ರೀತಿ ಹುಟ್ಟಿದರೆ ಆಶ್ಚರ್ಯವೇನು?

ಸ್ಪಷ್ಟತೆಯ ಹಂಬಲವನ್ನು ಹಳಿಯಬಾರದೆಂಬುದಕ್ಕೆ ನಮ್ಮ ಚಿತ್ರರಂಗವೇ ಸಾಕ್ಷಿ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರ ಚಿತ್ರ. ಅದನ್ನು ಸರಿಪಡಿಸಿ ಹೊಸ ಹೊಳಪು ಕೊಟ್ಟು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಹೊಸ ಯಂತ್ರ ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ, ಹಳೆಯದನ್ನು ಯಾರೂ ಕಾಪಾಡಿಕೊಂಡಿರದಿದ್ದರೂ ಆಗುತ್ತಿರಲಿಲ್ಲ. ಇನ್ನೊಂದು ಕಡೆ 1934ರ ‘ಸತಿ ಸುಲೋಚನ’, ಕನ್ನಡದ ಮೊದಲ ವಾಕ್ಚಿತ್ರ. ಅದರ ಪ್ರತಿ ಉಳಿದಿಲ್ಲ. ಈಗ ಯಾವ ನೀಲಿ ಬೆಳಕೂ ಅದನ್ನು ಓದಲಾರದು. 1971ರ ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದಾಗ ಬೇಕಿತ್ತೇ ಎಂದವರೂ ಉಂಟು, ಚಪ್ಪಾಳೆ ತಟ್ಟಿದವರೂ ಉಂಟು. ನಾನು ಎರಡನ್ನೂ ನೋಡಿದ್ದೇನೆ. ಅಳು ಬಂದದ್ದು ಅದದೇ ಜಾಗಗಳಲ್ಲಿ. ಆದರೆ ಕಪ್ಪು ಬಿಳುಪಿನ ಪ್ರತಿಯೂ ಸಿಗುತ್ತಿರಬೇಕು ಎನ್ನುವವರ ಪಕ್ಷಕ್ಕೆ ನನ್ನ ಮತ.

ಅವ್ವನ ಕೋಣೆಯ ಟಿವಿಯ ಪಿಕ್ಚರ್ ಟ್ಯೂಬು 2019ರಲ್ಲಿ ಹೋಯಿತು. ಕೋಠಿಯ ರಿಪೇರಿಯವನು ಬಿಚ್ಚಿ ನೋಡಿ, ಬಿಡಿಭಾಗ ಎಲ್ಲೂ ಸಿಗುವುದಿಲ್ಲವೆಂದ. ಆಗ ಅದು ನಿಜವಾಗಿ ಕೆಲಸಕ್ಕೆ ಬಾರದ್ದಾಯಿತು. ಹಾಗೆಂದು ಅವ್ವನೇ ಹೇಳಿದರು. ಆ ಗಾಜಿನಲ್ಲಿ ಸೀಸ ಇರುತ್ತದೆ, ಗುಜರಿಯವನು ಒಡೆದರೆ ಮಣ್ಣಿಗೂ ಮಕ್ಕಳಿಗೂ ವಿಷ. ಆದ್ದರಿಂದ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಟ್ಟೆವು. ಅಪ್ಪನ ಹಾಡನ್ನು ಈಗ ಅವ್ವ ಸಣ್ಣ ಟ್ಯಾಬಿನಲ್ಲಿ ನೋಡುತ್ತಾರೆ. ಪರದೆ ಚಿಕ್ಕದಾದ್ದರಿಂದ ಮುಖ ಮತ್ತೆ ಕೂಡಿಕೊಂಡಿದೆ.

ಈ ನಡುವೆ ಕಾಲ ಇನ್ನೊಂದು ಸುತ್ತು ತಿರುಗಿತು. ಮೋಸರ್ ಬೇರ್ 2018ರಲ್ಲಿ ದಿವಾಳಿಯಾಗಿ ಮುಚ್ಚುವ ಹಂತಕ್ಕೆ ಹೋಯಿತು. ಸ್ಯಾಮ್‌ಸಂಗ್ 2019ರಲ್ಲಿ ಅಮೆರಿಕದ ಮಾರುಕಟ್ಟೆಗೆ ಹೊಸ ಬ್ಲೂ-ರೇ ಪ್ಲೇಯರ್ ತರುವುದನ್ನು ನಿಲ್ಲಿಸಿತು. ಸೋನಿ 2025ರ ಫೆಬ್ರವರಿಯಲ್ಲಿ ಬರೆಯುವ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಗೆ ಮಂಗಳ ಹಾಡಿತು. ಈಗ ಎಲ್ಲವೂ ಫೋನಿಗೆ ಹರಿದು ಬರುತ್ತದೆ. ಕನ್ನಡ ಚಿತ್ರಗಳು ಮೊದಲಿಗಿಂತ ಹೆಚ್ಚು ಸಿಗುತ್ತವೆ ಎಂಬುದು ನಿಜ, ಸಂತೋಷ. ಆದರೆ ಇಂದು ಇದ್ದ ಚಿತ್ರ ನಾಳೆ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಕಾರಣ ಬರೆದಿಡುವವರು ಯಾರೂ ಇಲ್ಲ, ನೋಡುವವರನ್ನು ಕೇಳುವವರೂ ಇಲ್ಲ. ಎರವಲು ಕೊಡುವ ಮಾತಂತೂ ಮುಗಿಯಿತು. ನೋಟ್‌ಬುಕ್ಕಿನ ಕೊನೆಯ ನಮೂದು 2016ರದು.

ಮಗ ಈಗ ಇಪ್ಪತ್ತೆರಡರ ಇಂಜಿನಿಯರು. ಬ್ಲೂ-ರೇ ಪ್ಲೇಯರನ್ನು ಮಾರಿಬಿಡೋಣ, ಕಾಲ ಮೀರಿತು ಎನ್ನುತ್ತಿದ್ದಾನೆ. ಮಾರುವುದಕ್ಕೆ ನನ್ನ ಅಡ್ಡಿಯಿಲ್ಲ, ಆದರೆ ಈಗ ಅಲ್ಲ. ಫೋಟೋದವರು ಮನೆಯ ಸಮಾರಂಭಗಳನ್ನು ಬರೆದುಕೊಟ್ಟ ಡಿಸ್ಕ್‌ಗಳು ಅಂಗಡಿಯ ಸಿನಿಮಾ ಡಿಸ್ಕ್‌ಗಳಂತೆ ಅಚ್ಚೊತ್ತಿದವಲ್ಲ. ಅವುಗಳಲ್ಲಿ ಒಂದು ಬಗೆಯ ಬಣ್ಣದ ಪದರವಿದ್ದು ಬಿಸಿಲಿಗೂ ಸೆಕೆಗೂ ಕ್ರಮೇಣ ಮಾಸುತ್ತದೆ. ಹೈದರಾಬಾದಿನ ಮೇ ತಿಂಗಳು ಅವಕ್ಕೆ ಒಳ್ಳೆಯದಲ್ಲ. 2005ರಿಂದ 2012ರವರೆಗಿನ ನಮ್ಮ ಸಂಘದ ನಾಟಕಗಳು, ರಾಜ್ಯೋತ್ಸವಗಳು, ಈಗ ನಮ್ಮೊಡನಿಲ್ಲದ ಹಿರಿಯರ ಭಾಷಣಗಳು ಬಹುಪಾಲು ಇಂಥ ಡಿಸ್ಕ್‌ಗಳಲ್ಲೇ ಇವೆ, ಒಬ್ಬೊಬ್ಬರ ಬೀರುವಿನಲ್ಲಿ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಹಾಕಲು ಜಾಗವೇ ಇಲ್ಲ. ನಮ್ಮ ಪ್ಲೇಯರು ಇನ್ನೂ ಎರಡನ್ನೂ ಓದುತ್ತದೆ. ಪ್ರತಿ ಮಾಡಿಕೊಡಲು ಹೊರಗಿನಿಂದ ಜೋಡಿಸುವ ಒಂದು ಡಿಸ್ಕ್ ಡ್ರೈವನ್ನು ಮಗನೇ ತಂದಿದ್ದಾನೆ. ಇದ್ದವರು ಭಾನುವಾರದ ಕನ್ನಡ ತರಗತಿಗೆ ಮಕ್ಕಳನ್ನು ಬಿಡಲು ಬರುವಾಗ ಡಿಸ್ಕ್‌ಗಳನ್ನು ಸಂಘಕ್ಕೆ ತನ್ನಿ. ಯಾರದು, ಎಂದು ಬಂತು, ಎಂದು ಹಿಂದಿರುಗಿಸಿದ್ದು ಎಂಬುದನ್ನು ನಮ್ಮ ಮನೆಯವರು ಅದೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಇನ್ನೂ ಮೂವತ್ತು ಪುಟ ಖಾಲಿಯಿದೆ.